ತರುಬು, ಗುಳೆ, ವಲಸೆ: ಎಡೆದೊರೆ ನಾಡಿನ ಮೂರು ಶಬ್ದಗಳ ವಿಚಾರ

ಕುಮಾರವ್ಯಾಸನ ಯುದ್ಧಪರ್ವಗಳನ್ನು ಪಾಠ ಹೇಳುವವರಿಗೆಲ್ಲ ‘ತರುಬು’ ಎಂಬ ಧಾತುವು ಚಿರಪರಿಚಿತವಾದುದು. ಮುನ್ನುಗ್ಗುವವನನ್ನು ಅಡ್ಡಗಟ್ಟು, ಓಡುವವನನ್ನು ತಡೆದು ನಿಲ್ಲಿಸು ಎಂಬರ್ಥದಲ್ಲಿ ಆ ಕವಿಯು ಇದನ್ನು ಮೇಲಿಂದ ಮೇಲೆ ಪ್ರಯೋಗಿಸಿರುವನು. ಹಳಗನ್ನಡದ ‘ತಱುಂಬು’ ಎಂಬುದೇ ಕಾಲಕ್ರಮದಲ್ಲಿ ಈ ರೂಪವನ್ನು ತಾಳಿತು. ಪಾಠಶಾಲೆಗಳಲ್ಲಿ ನಾವು ಇದಕ್ಕೆ ‘ತಡೆ’ ಎಂದು ಒಂದು ಮಾತಿನ ಟಿಪ್ಪಣಿಯನ್ನು ಬರೆಯಿಸಿ ಮುಂದಿನ ಪದ್ಯಕ್ಕೆ ಹೋಗುವುದು ವಾಡಿಕೆ. ಕಾವ್ಯದಲ್ಲಿ ಮಾತ್ರ ಉಳಿದುಬಂದ ಶಬ್ದಗಳಲ್ಲಿ ಇದೂ ಒಂದೆಂದು ನಾನು ಬಹುಕಾಲ ನಂಬಿದ್ದೆನು. ಹಾಗೆಯೇ ವಿದ್ಯಾರ್ಥಿಗಳಿಗೆ ಹೇಳಿಯೂ ಇದ್ದೆನು.

ಈ ನಂಬಿಕೆಯು ಸುಳ್ಳಾದುದು ರಾಯಚೂರು ಜಿಲ್ಲೆಯ ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನ ಬಳಿಯ ಒಂದು ಹೊಲದಲ್ಲಿ. ಬಿಳಿಜೋಳದ ಕೊಯ್ಲು ಮುಗಿದು ಹೊಲಗಳೆಲ್ಲ ಬರಿದಾಗಿದ್ದ ಕಾಲ. ಕೂಳೆ ಮಾತ್ರ ಉಳಿದಿದ್ದ ಎರೆಯ ಹೊಲದಲ್ಲಿ ಬಲೆ ಕಟ್ಟಿ, ಒಳಗೆ ಕುರಿಗಳನ್ನು ಒತ್ತೊತ್ತಾಗಿ ನಿಲ್ಲಿಸಿದ್ದರು. ಹೊಲದ ಒಡೆಯನು ನನ್ನನ್ನು ಕಂಡು, “ಈ ಹೊಲಕ್ಕ ಎಂಟು ರಾತ್ರಿ ಕುರಿ ತರುಬಿಸೇನ್ರಿ, ಆಚಾರ್ರ. ಮುಂದ ಎರಡು ವರ್ಷ ಗೊಬ್ಬರದ ಚಿಂತಿ ಇಲ್ಲ” ಎಂದನು. ಭೀಷ್ಮ ದ್ರೋಣರ ಬಾಯಲ್ಲಿ ಮಾತ್ರ ಶೋಭಿಸುವುದೆಂದು ನಾನು ಭಾವಿಸಿದ್ದ ಶಬ್ದವು ಜೋಳದ ಕೂಳೆಯ ನಡುವೆ ನಿಂತಿತ್ತು. ಕುರಿಗಾರರ ಹಿರಿಯನನ್ನು ಕುರಿತು, “ಯಜಮಾನರೆ, ವರ್ಷದಲ್ಲಿ ಎಷ್ಟು ತಿಂಗಳು ಗುಳೆ ಹೋಗುವಿರಿ?” ಎಂದು ಕೇಳಿದೆನು. ಅವನ ಮುಖವು ಸ್ವಲ್ಪ ಬಿಗಿಯಿತು. “ಗುಳೆ ಹೋಗಾವ್ರು ಹೊಟ್ಟಿಗಿಲ್ದಾವ್ರು, ಆಚಾರ್ರ. ನಾವು ಕುರಿ ಹಿಂದ ಹೋಗ್ತೀವಿ. ಕರದಲ್ಲಿ ತರುಬ್ತೀವಿ” ಎಂದನು.

ಆತನು ಒಂದೇ ಉಸಿರಿನಲ್ಲಿ ಎರಡು ಶಬ್ದಗಳ ಅರ್ಥವನ್ನು ಬೇರ್ಪಡಿಸಿಕೊಟ್ಟನು. ನಮ್ಮ ಟಿಪ್ಪಣಿಗಳು ಅದನ್ನು ಮಾಡಿಲ್ಲ. ಊರುಬಿಟ್ಟು ಊರಿಗೆ ಹೋಗುವವರೆಲ್ಲರನ್ನೂ ಇಂದಿನ ಬರಹದಲ್ಲಿ ‘ವಲಸೆಗಾರರು’ ಎಂದೋ ‘ಅಲೆಮಾರಿಗಳು’ ಎಂದೋ ಒಂದೇ ರಾಶಿಗೆ ಹಾಕುವುದು ರೂಢಿಯಾಗಿದೆ. ಈ ನಾಡಿನ ಆಡುನುಡಿಯಲ್ಲಿ ಹಾಗಿಲ್ಲವೆಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಲು ಉದ್ದೇಶಿಸಿದ್ದೇನೆ.

ಮೊದಲು ದೇಶವಿಚಾರ. ಕೃಷ್ಣಾ ತುಂಗಭದ್ರೆಗಳ ನಡುವಣ ಈ ಭೂಮಿಯು ಶಾಸನಗಳಲ್ಲಿ ಎಡೆದೊರೆ ನಾಡೆಂದು ಪ್ರಸಿದ್ಧವಾದುದು. ಎರಡು ತೊರೆಗಳ ಎಡೆಯೆಂಬ ಅನ್ವರ್ಥವು ಸ್ಪಷ್ಟವಾಗಿದೆ. ಕಲ್ಲೂರುಗಳು ಇಲ್ಲಿ ಹಲವಿರುವುದರಿಂದ ‘ಪಾಮನ’ ಎಂಬ ಪೂರ್ವಪದವು ಈ ಊರನ್ನು ಉಳಿದವುಗಳಿಂದ ಗುರುತಿಸಲು ಸಹಾಯಕವಾಗಿದೆ. ಸಮೀಪದ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರನಾಗಿದ್ದ ಬೀಡನ್ ಎಂಬುವನು ಬಂಡೆಗಲ್ಲಿನ ಶಾಸನವನ್ನು ಕಂಡುಹಿಡಿದುದೂ, ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನ ಹೆಸರು ಅದರಲ್ಲಿ ದೊರೆತುದೂ ವಿದ್ವಾಂಸರಿಗೆ ವಿದಿತವೇ ಇದೆ. ನಮ್ಮ ವಿಷಯಕ್ಕೆ ಹೆಚ್ಚು ಬೇಕಾದುದು ಶಾಸನವಲ್ಲ, ಮಣ್ಣು. ಈ ಸೀಮೆಯಲ್ಲಿ ಕೆಲವು ಕಡೆ ಎರೆ, ಕೆಲವು ಕಡೆ ಮಸಾರಿ, ನಡುನಡುವೆ ಕಲ್ಲುಗುಡ್ಡ. ತುಂಗಭದ್ರೆಗೆ ಅಣೆಕಟ್ಟಿನ ಕೆಲಸವು 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ನಿಂತ ಬಳಿಕ ಎಡದಂಡೆಯ ಕಾಲುವೆಯು ಸಿಂಧನೂರಿನ ಕಡೆಯ ಹೊಲಗಳನ್ನು ಬತ್ತದ ಗದ್ದೆಗಳನ್ನಾಗಿ ಮಾಡಿತು. ಪಾಮನಕಲ್ಲೂರಿನ ಸುತ್ತಣ ಹೊಲಗಳಾದರೋ ಮಳೆಯನ್ನೇ ನಂಬಿ ಉಳಿದುವು. ನಾರಾಯಣಪುರ ಬಲದಂಡೆ ಕಾಲುವೆಯ 5ಎ ಶಾಖೆಯು ಬೇಕೆಂದು ಇದೇ ಊರಿನಲ್ಲಿ ರೈತರು 2020ರ ಕೊನೆಯಿಂದ ಬಹುದಿನ ಧರಣಿ ಕುಳಿತುದು ಆ ಕೊರತೆಯ ಫಲವೇ. ಹೀಗೆ ಒಂದು ದಿನದ ನಡಿಗೆಯ ಅಂತರದಲ್ಲಿ ಬತ್ತದ ಸೀಮೆಯೂ ಜೋಳದ ಸೀಮೆಯೂ ಇದಿರುಬದಿರಾಗಿವೆ. ಸಂಚಾರವೆಂಬುದು ಇಲ್ಲಿ ಹುಟ್ಟಬೇಕಾದುದೇ.

ಇನ್ನು ಶಬ್ದಗಳು. ‘ವಲಸೆ’ ಎಂಬುದಕ್ಕೆ ಇಂದು ಅರ್ಥವು ಬಹಳ ತೆಳುವಾಗಿದೆ. ಹಕ್ಕಿಯೂ ವಲಸೆ ಹೋಗುತ್ತದೆ, ಗುಮಾಸ್ತೆಯೂ ವಲಸೆ ಹೋಗುತ್ತಾನೆ. ಪೂರ್ವದಲ್ಲಿ ಇದರ ಭಾರವೇ ಬೇರೆ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಎಂಬ ಆಂಗ್ಲೇಯನು 1810ರಿಂದ ಪ್ರಕಟವಾದ ತನ್ನ ದಕ್ಷಿಣಭಾರತದ ಇತಿಹಾಸದಲ್ಲಿ ಈ ಶಬ್ದವನ್ನು ಎತ್ತಿಕೊಂಡು ವಿವರಿಸಿರುವನು. ಶತ್ರುಸೈನ್ಯವು ಹತ್ತಿರ ಬಂದಾಗ ಒಂದು ಸೀಮೆಯ ಜನರು ಹೊರಲಾಗದುದನ್ನು ನೆಲದಲ್ಲಿ ಹೂತು, ಎಳೆಯ ಮಕ್ಕಳನ್ನುಳಿದು ಗಂಡಸರು ಹೆಂಗಸರೆಲ್ಲ ತಮ್ಮ ಶಕ್ತಿಗೆ ತಕ್ಕಷ್ಟು ಕಾಳನ್ನು ಹೊತ್ತು, ಯುದ್ಧವಿಲ್ಲದ ದಿಕ್ಕನ್ನು ಹಿಡಿಯುವರು. ಹಾಗೆ ಹೊರಟ ಜನಸಮೂಹಕ್ಕೇ ಆ ಸೀಮೆಯ ವಲಸೆಯೆಂದು ಹೆಸರು ಎಂಬುದು ಅವನ ವಿವರಣೆಯ ತಾತ್ಪರ್ಯ. ಅಂತೂ ಅಲ್ಲಿ ವಲಸೆಯು ಕ್ರಿಯೆಗಿಂತ ಹೆಚ್ಚಾಗಿ ಸಮುದಾಯವಾಚಕ, ಕಾರಣವು ರಾಜಕ್ಷೋಭೆ.

‘ಗುಳೆ’ಯ ಕಾರಣವು ಕ್ಷಾಮ. ‘ಗುಳೆ ಎದ್ದು ಹೋದರು’ ಎಂಬ ವಾಡಿಕೆಯಲ್ಲಿ ಆ ‘ಎದ್ದು’ ಎಂಬ ಮಾತನ್ನು ಗಮನಿಸಬೇಕು. ಕುಳಿತಲ್ಲಿ ಬದುಕಲಾಗದೆ ಮನೆಮಂದಿಯೆಲ್ಲ ಪಾತ್ರೆ ಪಡಗಗಳೊಡನೆ ಬಾಗಿಲು ಹಾಕಿ ಏಳುವುದೇ ಗುಳೆ. ಧಾತು ಈಶ್ವರ ಸಂವತ್ಸರಗಳ ಬರಗಾಲವು, ಎಂದರೆ 1876ರಿಂದ 78ರವರೆಗಿನದು, ಈ ಸೀಮೆಯವರ ನೆನಪಿನಲ್ಲಿ ಆಳವಾಗಿ ಇಳಿದಿದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಮಸ್ಕಿ, ಲಿಂಗಸುಗೂರು, ದೇವದುರ್ಗಗಳ ಕಡೆಯಿಂದ ಬೆಂಗಳೂರು, ಪುಣೆಗಳಿಗೆ ಕಟ್ಟಡದ ಕೆಲಸಕ್ಕಾಗಿ ಕುಟುಂಬಗಳೇ ಹೋಗುವುದು ಇಂದಿಗೂ ನಿಂತಿಲ್ಲ. ಅದಕ್ಕೂ ಈ ಶಬ್ದವೇ. ಇದರಲ್ಲಿ ಅವಮಾನದ ಛಾಯೆಯೊಂದಿದೆ. ನನ್ನ ಪ್ರಶ್ನೆಗೆ ಆ ಹಿರಿಯನ ಮುಖವು ಬಿಗಿದುದು ಅದರಿಂದಲೇ. ಅರಿಯದೆ ಕೇಳಿದ ತಪ್ಪು ನನ್ನದು.

ಮೂರನೆಯ ಬಗೆಯೊಂದು ಉಂಟು, ಅದನ್ನು ಸಂಸ್ಕೃತದಲ್ಲಿ ಸಾರ್ಥವೆನ್ನುವರು. ನಳನಿಂದ ಅಗಲಿದ ದಮಯಂತಿಯು ಕಾಡಿನಲ್ಲಿ ಸೇರಿಕೊಂಡುದೂ, ರಾತ್ರಿ ಆನೆಗಳ ತುಳಿತಕ್ಕೆ ಸಿಕ್ಕಿ ನಾಶವಾದುದೂ ಇಂಥದೊಂದು ಸಾರ್ಥವೇ. ನಮ್ಮ ನಾಡಿನಲ್ಲಿ ಇದರ ಕೊನೆಯ ಪ್ರತಿನಿಧಿಗಳು ಲಂಬಾಣಿಗರು. ಪೀಟರ್ ಮಂಡಿ ಎಂಬ ಪ್ರವಾಸಿಯು 1632ರಲ್ಲಿ ಉತ್ತರದೇಶದಲ್ಲಿ ಹದಿನಾಲ್ಕು ಸಾವಿರ ಹೇರೆತ್ತುಗಳ ಒಂದು ತಾಂಡೆಯನ್ನು ಕಂಡುದಾಗಿ ಬರೆದಿರುವನು. 1791–92ರಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದಾಗ ಅವನ ಸೈನ್ಯಕ್ಕೆ ಧಾನ್ಯವನ್ನು ಮುಟ್ಟಿಸಿದವರೂ ಇವರೇ. ಲವಣ ಶಬ್ದದಿಂದ ಲಂಬಾಣಿ ಬಂದಿತೆಂಬ ನಿರುಕ್ತಿಯನ್ನು ಹಲವರು ಹೇಳುವರು. ಉಪ್ಪನ್ನು ಹೇರುತ್ತಿದ್ದುದು ನಿಜವಾದರೂ ಇಷ್ಟರಿಂದಲೇ ಅದನ್ನು ಸಿದ್ಧಾಂತವೆನ್ನಲಾರೆನು. ಮುಂಬಯಿಯ ಕಡೆಯ ರೈಲುದಾರಿಯೂ ಮದರಾಸಿನ ಕಡೆಯದೂ ರಾಯಚೂರಿನಲ್ಲಿ ಕೂಡಿದುದು 1871ರಲ್ಲಿ. ಹೇರೆತ್ತಿನ ಕಸಬಿಗೆ ಅದು ಮುಳುವಾಯಿತು. ಸಂಚಾರದ ಜಾತಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಮಾಡುವ ಕಾಯಿದೆಯನ್ನು ಬ್ರಿಟಿಷ್ ಸರಕಾರವು ಹೊರಡಿಸಿದುದೂ ಅದೇ 1871ರಲ್ಲಿ; ಉತ್ತರದಲ್ಲಿ ಮೊದಲಾಗಿ ಅದು ಮುಂದೆ ಇತರ ಪ್ರಾಂತಗಳಿಗೂ ಹಬ್ಬಿತು, ಸ್ವತಂತ್ರ ಭಾರತದಲ್ಲಿ 1952ರಲ್ಲಿ ರದ್ದಾಯಿತು. ಒಂದಕ್ಕೊಂದು ಕಾರಣವೆಂದು ನಾನು ಹೇಳುವುದಿಲ್ಲ. ಆದರೆ ನಿಲ್ಲದವನು ನಂಬತಕ್ಕವನಲ್ಲವೆಂಬ ಭಾವನೆಯು ನಮ್ಮ ಗದ್ಯದೊಳಕ್ಕೆ ಹೊಕ್ಕ ದಾರಿಗಳಲ್ಲಿ ಆ ಕಾಯಿದೆಯೂ ಒಂದೆಂಬುದರಲ್ಲಿ ಸಂದೇಹವಿಲ್ಲ. ‘ಅಲೆಮಾರಿ’ ಎಂಬ ಶಬ್ದವನ್ನು ಕುರಿಗಾರನ ಮೇಲೆ ಹೊರಿಸುವಾಗ ಇದನ್ನು ನೆನೆಯಬೇಕು.

ಕುರಿಗಾರನು ಅಲೆಯುವುದಿಲ್ಲ. ಅವನ ದಾರಿಯನ್ನು ನಿರ್ಣಯಿಸುವುವು ಮಣ್ಣು, ಮಳೆ, ಕೊಯ್ಲು ಇವು ಮೂರು. ಮಳೆಗಾಲದಲ್ಲಿ ಎರೆಯ ಮಣ್ಣು ಗೊರಸಿಗೆ ಅಂಟಿ ಕುರಿಗಳು ಕುಂಟುವುವು. ನೀರು ನಿಂತ ಗದ್ದೆಯ ಬಯಲಿನಲ್ಲಿ ಮೇದರೆ ಗೊರಸು ಕೊಳೆಯುವ ಬೇನೆಯೂ ಪಿತ್ತಕೋಶದ ಹುಳುವಿನ ಬೇನೆಯೂ ತಗಲುವುವು. ಆದಕಾರಣ ಆಗ ಅವನು ಮಸಾರಿಯನ್ನೂ ಗುಡ್ಡದ ಓರೆಯನ್ನೂ ಹಿಡಿಯುವನು. ಬತ್ತದ ಮೊದಲ ಕೊಯ್ಲು ಮುಗಿದು ಗದ್ದೆ ಆರಿದ ಮೇಲೆ ಕಾಲುವೆಯ ಸೀಮೆಗೆ ಇಳಿಯುವನು. ಬಿಳಿಜೋಳ, ಕಡಲೆಗಳು ಕಣಕ್ಕೆ ಬಂದ ಬಳಿಕ ಎರೆಯ ಹೊಲಗಳು ಅವನಿಗೆ ತೆರೆಯುವುವು. ಮುಂದೆ ಮುಂಗಾರಿಗೆ ಭೂಮಿಯನ್ನು ಹದಗೊಳಿಸುವ ತನಕ ಅವನನ್ನು ಕರೆಯುವ ರೈತರಿಗೆ ಕೊರತೆಯಿಲ್ಲ. ಪ್ರತಿ ವರ್ಷವೂ ಬಹುಮಟ್ಟಿಗೆ ಅದೇ ದಾರಿ, ಅದೇ ಕೆರೆ, ಅದೇ ಮನೆತನಗಳ ಹೊಲ. ಮಗನ ಕಾಲದಲ್ಲಿ ದಾರಿಯು ತಂದೆಯದೇ.

ನಾನು ಕಂಡ ಪರಿವಾರದಲ್ಲಿ ಕೆಲವು ಕುಟುಂಬಗಳ ಕುರಿಗಳು ಒಟ್ಟುಗೂಡಿದ್ದುವು. ಪ್ರತಿಯೊಬ್ಬನ ಕುರಿಗೂ ಬೇರೆ ಬೇರೆ ಗುರುತಿದ್ದುದರಿಂದ ಗೊಂದಲವಿರಲಿಲ್ಲ. ಸಾಮಾನು ಹೇರಲು ತಟ್ಟುಗಳೂ ಕತ್ತೆಗಳೂ. ತಟ್ಟುವಿನ ಬೆನ್ನಿನ ಮೇಲೆ ಹಿಟ್ಟಿನ ಚೀಲ, ಬಲೆ, ಗೂಟ, ಹಾಸುವ ಕಂಬಳಿ, ಅವುಗಳ ಮೇಲೆ ಕಾಲು ಕಟ್ಟಿದ ಕೋಳಿ, ಅಂದೇ ಹುಟ್ಟಿದ ಮರಿ, ಒಮ್ಮೊಮ್ಮೆ ಮಗು. ಗಂಡಸರು ಕುರಿಗಳೊಡನೆ ಮೇವಿನ ದಾರಿಯನ್ನು ಹಿಡಿದರೆ ಹೆಂಗಸರು ಸಾಮಾನಿನೊಡನೆ ನೆಟ್ಟನೆ ಹೋಗಿ ಸಂಜೆಯ ಹೊಲದಲ್ಲಿ ಬಿಡಾರ ಹೂಡುವರು. ಬಿಡಾರವೆಂದರೆ ಬಹುವೇಳೆ ಮೂರು ಕಲ್ಲಿನ ಒಲೆ ಮತ್ತು ಒಂದು ಕಂಬಳಿ. ಕರಿಯ ಉಣ್ಣೆಯನ್ನು ನೂತು ನೇಯ್ದು, ಹುಣಸೆಬೀಜದ ಗಂಜಿಯನ್ನು ಹಚ್ಚಿ ಬಿಗಿಗೊಳಿಸಿದ ಆ ಕಂಬಳಿಯು ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ಬೀರದೇವರ ಪೂಜೆಗೆ ಗದ್ದುಗೆ.

ತರುಬುವ ಕ್ರಮವನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಅವಶ್ಯಕ. ಶಬ್ದದ ಅರ್ಥವು ಅಲ್ಲಿಯೇ ಇದೆ. ಹಗಲೆಲ್ಲ ಮೇದ ಕುರಿಗಳನ್ನು ಸಂಜೆ ಹೊಲದ ಒಂದು ಭಾಗದಲ್ಲಿ ಬಲೆಯೊಳಗೆ ಒತ್ತಾಗಿ ನಿಲ್ಲಿಸುವರು. ಇರುಳೆಲ್ಲ ಹಿಕ್ಕೆಯೂ ಮೂತ್ರವೂ ಅಲ್ಲಿಯೇ ಬೀಳುವುವು. ಮರುದಿನವೋ ಮೂರನೆಯ ದಿನವೋ ಬಲೆಯನ್ನು ಪಕ್ಕಕ್ಕೆ ಸರಿಸುವರು. ಹೀಗೆ ಸರಿಸುತ್ತ ಹೋಗಿ ಹೊಲವು ಪೂರ್ಣವಾದಾಗ ಒಪ್ಪಂದವು ಮುಗಿಯುವುದು. ಕೊಟ್ಟಿಗೆಯ ಗೊಬ್ಬರದಲ್ಲಿ ಸಗಣಿಯು ಹೊಲವನ್ನು ಸೇರಿದರೂ ಮೂತ್ರದ ಸಾರವು ಬಹುಪಾಲು ಕೊಟ್ಟಿಗೆಯ ನೆಲದಲ್ಲಿಯೇ ಇಂಗಿಹೋಗುವುದು; ಇಲ್ಲಿ ಹಾಗಿಲ್ಲ, ಎರಡೂ ಹೊಲಕ್ಕೇ. ಬಂಡಿ ಬೇಡ, ಹೊರುವ ಆಳು ಬೇಡ. ಜಾಣನಾದ ರೈತನು ಬಿಸಿಲಿಗೆ ಸಾರವು ಹಾರಿಹೋಗದಂತೆ ಬೇಗನೆ ಕುಂಟೆ ಹೊಡೆದು ಮಣ್ಣಿನಲ್ಲಿ ಬೆರೆಸುವನು. ಕುರಿಗಾರನಿಗೆ ಸಲ್ಲುವುದು ಹಣ, ಇಲ್ಲವೆ ಕಾಳು, ಕೆಲವು ಕಡೆ ಊಟವೂ ಸೇರಿ.

ಲೆಕ್ಕವು ಕುರಿಗಳ ತಲೆಯ ಮೇಲೂ ರಾತ್ರಿಗಳ ಮೇಲೂ ನಡೆಯುವುದು, ಹಗಲಿಗೆ ಲೆಕ್ಕವಿಲ್ಲ. ‘ಎಂಟು ದಿನ’ ಎನ್ನದೆ ‘ಎಂಟು ರಾತ್ರಿ’ ಎಂದು ಆ ರೈತನು ಹೇಳಿದುದು ಆಕಸ್ಮಿಕವಲ್ಲ. ವೈದಿಕರು ತ್ರಿರಾತ್ರ, ದಶರಾತ್ರ, ದ್ವಾದಶರಾತ್ರವೆಂದು ರಾತ್ರಿಗಳಿಂದ ಕಾಲವನ್ನು ಎಣಿಸಿದುದನ್ನು ಬಲ್ಲವರಿಗೆ ಇದು ಕೇಳಲು ಹಿತವಾಗಿರುತ್ತದೆ. ಕಾರಣಗಳು ಬೇರೆ ಬೇರೆಯೆಂಬುದನ್ನು ಮಾತ್ರ ಮರೆಯಬಾರದು.

ಹೀಗೆ ‘ತರುಬು’ ಎಂಬುದರಲ್ಲಿ ಚಲನೆಗಿಂತ ನಿಲುಗಡೆಯೇ ಪ್ರಧಾನ. ವಲಸೆಯೂ ಗುಳೆಯೂ ಬಿಟ್ಟುಹೋದ ಊರಿನ ಕಡೆಯಿಂದ ನೋಡಿದ ಶಬ್ದಗಳು. ತರುಬು ಎಂಬುದು ಬರಮಾಡಿಕೊಂಡ ಹೊಲದ ಕಡೆಯಿಂದ ನೋಡಿದುದು. ವ್ಯಾಕರಣವೂ ಇದನ್ನೇ ಹೇಳುತ್ತದೆ. ‘ಗುಳೆ ಹೋಗು’ ಎಂಬಲ್ಲಿ ಹೋಗುವವನೇ ಕರ್ತೃ, ಕರೆದವನಿಲ್ಲ. ‘ತರುಬಿಸು’ ಎಂಬ ಪ್ರೇರಣಾರ್ಥಕದಲ್ಲಿ ಪ್ರಯೋಜಕಕರ್ತೃವು ರೈತ, ಪ್ರಯೋಜ್ಯನು ಕುರಿಗಾರ. ಇಬ್ಬರಿಗೂ ವಾಕ್ಯದಲ್ಲಿ ಸ್ಥಾನವಿದೆ. ಬೇರೆ ಕಡೆಗಳಲ್ಲಿ ‘ಮಂದೆ ನಿಲ್ಲಿಸುವುದು’, ‘ಹಟ್ಟಿ ಹಾಕಿಸುವುದು’ ಎಂಬ ಮಾತುಗಳುಂಟು; ತಮಿಳಿನಲ್ಲಿ ‘ಕಿಡೈ’ ಎನ್ನುವರು. ಎಲ್ಲವೂ ನಿಲುಗಡೆಯನ್ನೇ ಹೇಳುವುವು, ಒಂದೂ ಅಲೆತವನ್ನು ಹೇಳುವುದಿಲ್ಲ.

ಸಂಸ್ಕೃತದಲ್ಲಿ ಇದಕ್ಕೆ ಸರಿಯಾದ ಕ್ರಿಯಾಶಬ್ದವು ನನಗೆ ದೊರೆತಿಲ್ಲ. ಟಗರಿಗೆ ಮೇಢ್ರ, ಉರಭ್ರ, ಉರಣ, ಊರ್ಣಾಯು, ಮೇಷ, ವೃಷ್ಣಿ, ಏಡಕ ಎಂದು ಏಳು ಹೆಸರುಗಳನ್ನು ಕೊಟ್ಟ ಅಮರಸಿಂಹನು ಕೂಡ ಟಗರು ಇರುಳಿನಲ್ಲಿ ಮಾಡುವ ಉಪಕಾರಕ್ಕೆ ಹೆಸರಿಟ್ಟಿಲ್ಲ. ಆದರೆ ಪಾಣಿನಿಯಲ್ಲಿ ಒಂದು ರತ್ನವುಂಟು. ಗೋಷ್ಠ ಶಬ್ದಕ್ಕೆ ‘ಭೂತಪೂರ್ವ’ ಎಂಬರ್ಥದಲ್ಲಿ ಖಞ್ ಪ್ರತ್ಯಯವನ್ನು ವಿಧಿಸಿ ‘ಗೌಷ್ಠೀನ’ ಎಂಬ ರೂಪವನ್ನು ಅವನು ಸಾಧಿಸಿರುವನು. ಗೌಷ್ಠೀನವೆಂದರೆ ಹಿಂದೆ ದನದ ಹಟ್ಟಿಯಿದ್ದು ಈಗ ಇಲ್ಲದ ನೆಲ. ಹಿಂದೆ ದನಗಳು ಮೇದು ತಣಿದ ನೆಲಕ್ಕೆ ‘ಆಶಿತಂಗವೀನ’ವೆಂಬ ಇನ್ನೊಂದು ಶಬ್ದವೂ ಅಷ್ಟಾಧ್ಯಾಯಿಯಲ್ಲಿದೆ; ಎರಡನ್ನೂ ಅಮರನು ಸಂಗ್ರಹಿಸಿರುವನು. ಇವನ್ನು ನಾನು ಬಾಲ್ಯದಲ್ಲಿ ಅರ್ಥವರಿಯದೆ ಗಟ್ಟಿಮಾಡಿದ್ದೆನು. ಹಟ್ಟಿ ಎದ್ದುಹೋದ ಜಾಗಕ್ಕೆ ಒಂದು ಪ್ರತ್ಯಯವೇ ಏಕೆ ಬೇಕಾಯಿತೆಂಬ ಪ್ರಶ್ನೆಗೆ ಗುರುಗಳೂ ಉತ್ತರ ಹೇಳಿರಲಿಲ್ಲ. ಪಾಮನಕಲ್ಲೂರಿನ ರೈತನು ‘ಮುಂದ ಎರಡು ವರ್ಷ’ ಎಂದುದೇ ಉತ್ತರವೆಂದು ಈಗ ನನಗೆ ತೋರುತ್ತದೆ. ಹಟ್ಟಿ ಎದ್ದ ನೆಲವು ಬರಿಯ ನೆಲವಲ್ಲ, ಅದಕ್ಕೆ ಬೆಲೆ ಹೆಚ್ಚು. ಅದನ್ನು ಗುರುತಿಸಿ ಹೇಳುವ ಅಗತ್ಯವು ಕೃಷಿಕರ ಭಾಷೆಗೆ ಉಂಟು. ಗೌಷ್ಠೀನವೆಂಬುದಕ್ಕೆ ಗೊಬ್ಬರದ ನೆಲವೆಂಬ ಅರ್ಥವನ್ನು ವೃತ್ತಿಕಾರರು ಹೇಳಿಲ್ಲವಾದ್ದರಿಂದ ಇದು ನನ್ನ ಊಹೆಯೆಂದೇ ಓದುಗರು ಗ್ರಹಿಸಬೇಕು.

ಇಂಥ ಹಟ್ಟಿಯಿದ್ದ ನೆಲಗಳ ಗುರುತು ಎಡೆದೊರೆ ನಾಡಿನಲ್ಲಿಯೂ ಸುತ್ತಲೂ ಕಾವ್ಯಕ್ಕಿಂತ ಪುರಾತನವಾಗಿ ನಿಂತಿದೆ. ಬೂದಿದಿಬ್ಬಗಳೆಂದು ಜನರು ಕರೆಯುವ ದಿಣ್ಣೆಗಳು ಬಳ್ಳಾರಿ, ರಾಯಚೂರು, ಸುರಪುರದ ಸೀಮೆಗಳಲ್ಲಿ ಹರಡಿವೆ. ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತಾಭಸ್ಮವೆಂದು ಭಕ್ತರು ನಂಬಿರುವರು. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ ಅಗೆದ ಆಲ್ಚಿನ್ ಎಂಬ ವಿದ್ವಾಂಸನು ಮುಂದೆ 1957ರಲ್ಲಿ ಉಟ್ನೂರಿನ ದಿಬ್ಬವನ್ನು ಶೋಧಿಸಿ, ಇವು ನವಶಿಲಾಯುಗದ ಗೋಪಾಲಕರ ದೊಡ್ಡಿಗಳಲ್ಲಿ ಕೂಡಿಬಿದ್ದ ಸಗಣಿಯನ್ನು ಮೇಲಿಂದ ಮೇಲೆ ಸುಟ್ಟುದರಿಂದ ಆದುವೆಂದು ತೋರಿಸಿದನು. ಸುರಪುರ ತಾಲ್ಲೂಕಿನ ಬೂದಿಹಾಳದಲ್ಲಿ ಪದ್ದಯ್ಯನವರು ಮಾಡಿದ ಉತ್ಖನನವು ದೊಡ್ಡಿಯ ಪಕ್ಕದಲ್ಲಿಯೇ ಜನವಸತಿಯೂ ಇದ್ದುದನ್ನು ಸ್ಪಷ್ಟಪಡಿಸಿತು. ನಾಲ್ಕು ಸಾವಿರ ವರ್ಷಗಳ ಹಿಂದಿನ ಆ ಗೋಪಾಲಕರಿಂದ ಇಂದಿನ ಕುರುಬರಿಗೆ ವಂಶದ ಎಳೆಯನ್ನು ಎಳೆಯುವ ಸಾಹಸವನ್ನು ನಾನು ಮಾಡುವುದಿಲ್ಲ. ಅವು ದನದ ದೊಡ್ಡಿಗಳು, ಇವು ಕುರಿಯ ಹಟ್ಟಿಗಳು. ಅವರು ಸಗಣಿಯನ್ನು ಸುಟ್ಟರು, ಇವರು ಮಾರುತ್ತಾರೆ.

ಹಿಕ್ಕೆಯ ಬೆಲೆಯನ್ನು ಶರಣಸಾಹಿತ್ಯವೂ ಬಲ್ಲದು. ಕುರಿಯ ಹಿಕ್ಕೆಯನ್ನೇ ಲಿಂಗವೆಂದು ನಂಬಿ ಹಾಲೆರೆದು ಪೂಜಿಸಿದ ವೀರಗೊಲ್ಲಾಳನ ಕಥೆಯನ್ನು ನಾವು ಮುಗ್ಧಭಕ್ತಿಗೆ ದೃಷ್ಟಾಂತವಾಗಿ ಪಾಠ ಹೇಳುತ್ತೇವೆ. ಹಿಕ್ಕೆಯು ತುಚ್ಛವಸ್ತು, ಭಕ್ತಿಯು ಅದನ್ನು ಲಿಂಗವಾಗಿಸಿತು ಎಂಬುದು ನಮ್ಮ ವ್ಯಾಖ್ಯಾನ. ಕುರಿ ತರುಬಿದ ಹೊಲದ ಬದುವಿನಲ್ಲಿ ಕುಳಿತು ಈ ಕಥೆಯನ್ನು ಕೇಳುವವನಿಗೆ ಹಿಕ್ಕೆಯು ತುಚ್ಛವೆಂದು ತೋರುವುದೇ ಇಲ್ಲ. ಅವನ ಅನ್ನವೇ ಅದರಿಂದ. ಪಂಡಿತನ ವ್ಯಾಖ್ಯಾನದಲ್ಲಿ ಪಂಡಿತನ ಕೈಯ ಶುಚಿತ್ವವೇ ಎದ್ದು ಕಾಣುವುದೆಂದು ಒಪ್ಪಿಕೊಳ್ಳಬೇಕಾಗಿದೆ.

ಈಚಿನ ವರ್ಷಗಳಲ್ಲಿ ಈ ಒಪ್ಪಂದವು ಇಕ್ಕಟ್ಟಿಗೆ ಸಿಕ್ಕಿದೆ. ಕಾಲುವೆಯ ನೀರು ತಲುಪಿದ ಕಡೆ ಎರಡನೆಯ ಬತ್ತವನ್ನು ನೆಡುವುದರಿಂದ ಗದ್ದೆಯು ಬರಿದಾಗಿರುವ ಕಾಲವು ಕುಗ್ಗಿತು. ಕೊಯ್ಯುವ ಯಂತ್ರಗಳು ಬಂದ ಮೇಲೆ ಉಳಿದ ಹುಲ್ಲಿಗೆ ಬೆಂಕಿಯಿಡುವವರೂ ಉಂಟು. ಆಗ ಕುರಿಗೆ ಮೇವಿಲ್ಲ. ಹತ್ತಿ, ಮೆಣಸಿನಕಾಯಿಗಳಿಗೆ ಹೊಡೆದ ವಿಷದ ಭಯದಿಂದ ಕುರಿಗಾರನು ಕೆಲವು ಹೊಲಗಳನ್ನು ಸುತ್ತಿ ಹೋಗುವನು. ಒರಟು ಉಣ್ಣೆಯನ್ನು ಕೊಳ್ಳುವವರಿಲ್ಲದೆ ಕರಿಯ ದಖ್ಖನಿ ಕುರಿಯ ಸ್ಥಾನದಲ್ಲಿ ಉಣ್ಣೆಯಿಲ್ಲದ ತಳಿಗಳು ಹೆಚ್ಚುತ್ತಿವೆ, ಕಂಬಳಿ ನೇಯುವ ಮಗ್ಗಗಳು ನಿಲ್ಲುತ್ತಿವೆ. ಇನ್ನೊಂದೆಡೆ ಸರಕಾರದ ಗೊಬ್ಬರದ ಬೆಲೆ ಏರಿದಾಗಲೆಲ್ಲ ರೈತರು ಕುರಿಗಾರನನ್ನು ಹುಡುಕಿಕೊಂಡು ಬರುವರೆಂದು ಆ ಹಿರಿಯನೇ ಹೇಳಿದನು. ಪಾಮನಕಲ್ಲೂರಿಗೆ ಕಾಲುವೆ ಬರಬೇಕೆಂಬ ರೈತರ ಬೇಡಿಕೆಯು ನ್ಯಾಯವಾದುದು. ಅದು ಬಂದ ದಿನ ಎಂಟು ರಾತ್ರಿಗಳ ಆ ಹೊಲವು ಕುರಿಗಾರನಿಗೆ ತೆರೆದಿರುವುದೋ ಇಲ್ಲವೋ ಎಂಬ ಪ್ರಶ್ನೆಯೂ ಅದರೊಡನೆಯೇ ಬರುವುದು.

ಅಧ್ಯಾಪಕರಲ್ಲಿ ನನ್ನ ಪ್ರಾರ್ಥನೆಯಿಷ್ಟೆ. ಕುಮಾರವ್ಯಾಸನಲ್ಲಿ ‘ತರುಬು’ ಬಂದಾಗ ‘ತಡೆ’ ಎಂಬ ಟಿಪ್ಪಣಿಯ ಕೆಳಗೆ ಕುರಿಯ ಹಟ್ಟಿಯನ್ನೂ ಒಂದು ಸಾಲಿನಲ್ಲಿ ಬರೆಯಿಸಬೇಕು. ಉತ್ತರದ ಜಿಲ್ಲೆಗಳ ವಿದ್ಯಾರ್ಥಿಗಳಿದ್ದರೆ ಬರೆಯಿಸುವ ಮೊದಲು ಅವರನ್ನೇ ಕೇಳುವುದು ಲೇಸು; ತಮ್ಮೂರಿನಲ್ಲಿ ‘ತರುಬು’ ಎನ್ನುವರೋ ‘ಹಟ್ಟಿ’ ಎನ್ನುವರೋ, ಲೆಕ್ಕವು ರಾತ್ರಿಯ ಮೇಲೆಯೋ ದಿನದ ಮೇಲೆಯೋ ಎಂಬುದನ್ನು ಅವರು ಬರೆದು ತಂದರೆ ಈ ಪತ್ರಿಕೆಗೆ ಕಳುಹಿಸಿಕೊಡಬಹುದು. ‘ಪಟ್ಟಿ’ ಎಂಬ ಪ್ರಾಚೀನ ರೂಪದಿಂದ ಬಂದ ‘ಹಟ್ಟಿ’ಯು ಲಿಂಗಸುಗೂರು ತಾಲ್ಲೂಕಿನಲ್ಲಿಯೇ ಚಿನ್ನದ ಗಣಿಗೆ ಪ್ರಸಿದ್ಧವಾದ ಊರೊಂದರ ಹೆಸರಾಗಿ ನಿಂತಿದೆ, ಅಂಥ ಊರುಹೆಸರುಗಳ ಪಟ್ಟಿಯನ್ನು ಇನ್ನೊಂದು ಸಂಚಿಕೆಯಲ್ಲಿ ಕೊಡುವೆನು.